ಇವರ ಮನೆಯವರು ಎಲ್ಲಿ?

ಓದುವ ಹವ್ಯಾಸ ನನಗೆ ಅಂಟಿಕೊಂಡದ್ದು ಪ್ರೌಢಶಾಲೆಯ ದಿನಗಳಲ್ಲಿ. ಹಳ್ಳಿಯಿಂದ ನಾಲ್ಕು ಮೈಲಿ ದೂರದ ಪಟ್ಟಣದಲ್ಲಿ ಶಾಲೆ. ಅಲ್ಲಿನ ಬಸ್ ನಿಲ್ದಾಣದ ಹಿಂದೆ ಒಂದು ಸಾರ್ವಜನಿಕ ಗ್ರಂಥಾಲಯ. ಸಂಜೆಯ ಬಸ್ಸು ಬರುವವರೆಗೆ ಬೇರೆಲ್ಲಿಯೂ ಕುಳಿತುಕೊಳ್ಳಲು ಜಾಗವಿಲ್ಲದ್ದರಿಂದ ಅಲ್ಲಿ ಕುಳಿತೆ. ಹಾಗೆ ಕುಳಿತವನು ಓದುಗನಾದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಮೊದಮೊದಲು ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಪದವಿ ಪಡೆದು, ಬಿ.ಎಡ್. ಮುಗಿಸಿ, ಸಮಾಜ ವಿಜ್ಞಾನದ ಅಧ್ಯಾಪಕನಾದ ಮೇಲೆ ಓದಿಗೊಂದು ಗತ್ತು ಬಂದಿತು. ಮಹನೀಯರ ಆತ್ಮಕಥೆಗಳು, ಜೀವನಚರಿತ್ರೆಗಳು, ಕಾರಂತ, ಕುವೆಂಪು, ಭೈರಪ್ಪನವರ ಕಾದಂಬರಿಗಳು ಇವಿಷ್ಟೇ ನನ್ನ ಕಪಾಟಿನಲ್ಲಿ ಸ್ಥಾನ ಪಡೆದವು. ನನ್ನ ಮಡದಿಯೂ ಓದುವವಳೇ. ಆದರೆ ಅವಳ ಪುಸ್ತಕಗಳು ಬಾಡಿಗೆ ಗ್ರಂಥಾಲಯದಿಂದ ಬಂದು ಮೂರು ದಿನಕ್ಕೆ ಹಿಂದಿರುಗುತ್ತಿದ್ದವು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ. ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು, ಕುಕ್ಕರ್ ಕೂಗುವುದರೊಳಗೆ ನಾಲ್ಕು ಪುಟ ಓದುತ್ತಿದ್ದಳು. ‘ಹೆಂಗಸರ ಕಾದಂಬರಿ’ ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅವಳು ಉತ್ತರ ಕೊಡುತ್ತಿರಲಿಲ್ಲ. ಸುಮಾರು ಮೂವತ್ತೈದು ವರ್ಷ ಹೀಗೆ ನಡೆಯಿತು.

ಮೂರು ವರ್ಷಗಳ ಹಿಂದೆ ಅವಳ ಕಣ್ಣಿಗೆ ತೊಂದರೆಯಾಯಿತು. ಸಕ್ಕರೆ ಕಾಯಿಲೆ ಅಕ್ಷಿಪಟಲಕ್ಕೆ ಪೆಟ್ಟು ಕೊಟ್ಟಿದೆಯೆಂದು ವೈದ್ಯರು ಹೇಳಿದರು. ಲೇಸರ್ ಆಯಿತು, ಕಣ್ಣಿಗೇ ಚುಚ್ಚುವ ಇಂಜೆಕ್ಷನ್‌ಗಳಾದವು. ಈಗ ಮನುಷ್ಯರ ಮುಖ ಕಾಣುತ್ತದೆ, ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ. ಮೊದಲ ತಿಂಗಳು ಅವಳು ಟಿ.ವಿ.ಯ ಮುಂದೆ ಕುಳಿತು ಧಾರಾವಾಹಿಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಂಜೆ ತಾನಾಗಿಯೇ ಟಿ.ವಿ. ಆರಿಸಿ, “ಏನಾದರೂ ಓದಿ ಹೇಳ್ರೀ” ಎಂದಳು. ದೀಪ ಹಚ್ಚಿದ ಮೇಲೆ ಏಳರಿಂದ ಎಂಟು ಗಂಟೆಯವರೆಗೆ ಓದುವುದೆಂದು ಗೊತ್ತಾಯಿತು. ಅಂದಿನಿಂದ ಇಂದಿನವರೆಗೆ, ಊರಿನಲ್ಲಿ ಇಲ್ಲದ ದಿನಗಳನ್ನು ಬಿಟ್ಟರೆ, ಈ ಪಾಠ ತಪ್ಪಿಲ್ಲ.

ಪುಸ್ತಕವನ್ನು ಆರಿಸುವ ಅಧಿಕಾರವನ್ನು ಸಹಜವಾಗಿಯೇ ನಾನು ವಹಿಸಿಕೊಂಡೆ. ಮೊದಲು ಕೈಗೆತ್ತಿಕೊಂಡದ್ದು ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಇಪ್ಪತ್ತರ ಹರೆಯದಲ್ಲಿ ನನ್ನನ್ನು ಅಲುಗಾಡಿಸಿದ ಪುಸ್ತಕವಿದು. ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಧುಮುಕಿದ ಹುಡುಗ, ನಾಟಕ, ಪತ್ರಿಕೆ, ಪುತ್ತೂರಿನ ಬಾಲವನ, ಯಕ್ಷಗಾನ ಎಂದು ಒಂದರಿಂದ ಒಂದಕ್ಕೆ ಹಾರುತ್ತ, ಕೈಸುಟ್ಟುಕೊಂಡರೂ ಮತ್ತೊಂದಕ್ಕೆ ಕೈಚಾಚುವ ಆ ಚೈತನ್ಯವನ್ನು ಕಂಡು ನಾನು ಬೆರಗಾಗಿದ್ದೆ. ಈಗ ಗಟ್ಟಿಯಾಗಿ ಓದುವಾಗಲೂ ನನ್ನ ದನಿಗೆ ಹಳೆಯ ಹುರುಪು ಬಂದಿತು. ವಾರ ಕಳೆದ ಮೇಲೆ, ಬಾಲವನದ ಸಾಲಸೋಲಗಳ ಕಥೆ ಬಂದಾಗ, ಅವಳು ನಡುವೆ ಬಾಯಿ ಹಾಕಿದಳು.

“ಅದೆಲ್ಲ ಸರಿ, ಇವರ ಮನೆಯವರು ಎಲ್ಲಿ?”

ಲೀಲಾ ಅವರ ಹೆಸರು ಬಂದಿದೆಯಲ್ಲ, 1936ರಲ್ಲಿ ಜಾತಿಯ ಕಟ್ಟು ಮೀರಿ ಮದುವೆಯಾದರಲ್ಲ ಎಂದೆ. “ಮದುವೆ ಆದದ್ದು ಗೊತ್ತಾಯಿತು. ಆಮೇಲೆ? ಸಾಲಗಾರ ಬಾಗಿಲಿಗೆ ಬಂದಾಗ ಇವರು ಊರಿನಲ್ಲಿ ಇರುತ್ತಿರಲಿಲ್ಲವಲ್ಲ. ಬಾಗಿಲು ತೆಗೆದವರು ಯಾರು?”

ನನ್ನಲ್ಲಿ ಉತ್ತರವಿರಲಿಲ್ಲ. ಸಾರ್ವಜನಿಕ ಬದುಕಿನ ಕಥೆಯಲ್ಲಿ ಮನೆಯ ಮಾತಿಗೆ ಅಷ್ಟು ಎಡೆಯಿರುವುದಿಲ್ಲವೆಂದೂ, ಕಾರಂತರಂಥವರು ಮನೆಯನ್ನೇ ನೋಡುತ್ತ ಕುಳಿತಿದ್ದರೆ ನಮಗೆ ‘ಮರಳಿ ಮಣ್ಣಿಗೆ’ಯೂ ಇರುತ್ತಿರಲಿಲ್ಲ, ಯಕ್ಷಗಾನಕ್ಕೆ ಹೊಸ ಕಳೆಯೂ ಬರುತ್ತಿರಲಿಲ್ಲವೆಂದೂ ಒಂದು ಸಣ್ಣ ಭಾಷಣ ಮಾಡಿದೆ. ಅವಳು ಒಪ್ಪಿದಂತೆ ಕಾಣಲಿಲ್ಲ. ಈ ಮಾತನ್ನು ಈಗಲೂ ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ 2021ರಲ್ಲಿ ಕಾರಂತರ ಮೂವರು ಮಕ್ಕಳು ಸೇರಿ ತಮ್ಮ ಬಾಲ್ಯದ ಬಗ್ಗೆ ಇಂಗ್ಲಿಷಿನಲ್ಲಿ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಪುಸ್ತಕ ಬರೆದಿದ್ದಾರೆ. ಅದನ್ನು ತರಿಸಿಕೊಂಡಾಗ ನಾನು ಮೊದಲು ಹುಡುಕಿದ್ದು ತಂದೆಯ ಪುಟಗಳನ್ನಲ್ಲ, ತಾಯಿಯ ಪುಟಗಳನ್ನು. ಆ ಮಟ್ಟಿಗೆ ಅವಳ ಪ್ರಶ್ನೆ ನನ್ನೊಳಗೆ ಇಳಿದಿತ್ತು.

ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಸಾವಿರ ಪುಟಗಳಿಗೂ ಮಿಕ್ಕಿದ್ದು. ಅದರಲ್ಲಿ ಬಾಲ್ಯ, ಮಲೆನಾಡು, ಮೈಸೂರಿನ ವಿದ್ಯಾರ್ಥಿ ಜೀವನ, ಶ್ರೀರಾಮಕೃಷ್ಣ ಆಶ್ರಮ ಇವೇ ಹೆಚ್ಚು. ಕುಪ್ಪಳಿಯ ಮನೆ, ಕವಿಶೈಲದ ಭಾಗಗಳನ್ನು ಅವಳು ಕಣ್ಣುಮುಚ್ಚಿ ಕೇಳಿದಳು. ಅವಳ ಪ್ರಶ್ನೆಗೆ ಇಲ್ಲಿ ಅವಕಾಶವೇ ಕಡಿಮೆ. “ಇದು ಮದುವೆಗೆ ಮುಂಚಿನ ಕಥೆ, ಬಿಡಿ” ಎಂದು ಅವಳೇ ರಿಯಾಯಿತಿ ಕೊಟ್ಟಳು.

ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ಯ ಸರದಿ ಬಂತು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಹುಡುಗ ಓದಿನ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ್ದು, 1942ರ ಚಳವಳಿಯಲ್ಲಿ ಜೈಲು ಕಂಡದ್ದು, ಅಮೆರಿಕದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಪಡೆದು ಬಂದು ಮತ್ತೆ ಅದೇ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದ್ದು, ಕುಲಪತಿಯಾದರೂ ಬದಲಾಗದ್ದು. ಮೇಷ್ಟ್ರುಗಳಾದ ನಮಗೆ ಇದು ಪಾರಾಯಣ ಗ್ರಂಥವಿದ್ದಂತೆ. ಅವಳಿಗೂ ಬಹಳ ಮೆಚ್ಚುಗೆಯಾಯಿತು. “ಇವರು ಮದುವೆ ಆಗಲಿಲ್ಲ, ಪುಣ್ಯಾತ್ಮರು. ಕೇಳುವುದಕ್ಕೇ ಏನೂ ಉಳಿಸಲಿಲ್ಲ” ಎಂದು ನಕ್ಕಳು.

ನಾನು ಗೆಲ್ಲಬಹುದೆಂದುಕೊಂಡದ್ದು ಗಾಂಧೀಜಿಯವರ ಆತ್ಮಕಥೆಯಲ್ಲಿ. ಗೊರೂರರ ಅನುವಾದದಲ್ಲಿ ಡರ್ಬನ್ನಿನ ಪ್ರಸಂಗವನ್ನು ಓದಿದೆ. ಮನೆಯಲ್ಲಿ ಇಳಿದುಕೊಂಡಿದ್ದ ಗುಮಾಸ್ತನ ಮೂತ್ರಪಾತ್ರೆಯನ್ನು ಕಸ್ತೂರಬಾ ಅಳುತ್ತ ಒಯ್ದದ್ದು, ಸಂತೋಷದಿಂದಲೇ ಒಯ್ಯಬೇಕೆಂದು ಗಂಡ ಹಟ ಹಿಡಿದದ್ದು, ಕೈಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋದದ್ದು, ಆಕೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದಾಗ ತಲೆತಗ್ಗಿಸಿ ಗೇಟು ಮುಚ್ಚಿದ್ದು. ಓದಿ ಮುಗಿಸಿ, “ನೋಡು, ಇಲ್ಲಿ ಮನೆಯವರು ಇದ್ದಾರೆ” ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದಳು. “ಇದ್ದಾರೆ. ತಪ್ಪು ಇವರದೇ ಅಂತ ಇವರೇ ಬರೆದಿದ್ದಾರೆ, ಅದು ದೊಡ್ಡದು. ಆದರೆ ಆ ರಾತ್ರಿ ಆಯಮ್ಮ ಮಲಗಿಕೊಂಡು ಏನಂದುಕೊಂಡರೋ ಅದು ಇವರಿಗೂ ಗೊತ್ತಿಲ್ಲ.”

ಇಷ್ಟಾದ ಮೇಲೆ ಅವಳೇ ಒಂದು ಪುಸ್ತಕವನ್ನು ಕೇಳಿದಳು. ಅದು ನನ್ನ ಕಪಾಟಿನದೇ: ‘ಗೃಹಭಂಗ’.

ಭೈರಪ್ಪನವರ ಈ ಕಾದಂಬರಿಯನ್ನು ನಾನು ಎರಡು ಬಾರಿ ಓದಿದ್ದೆ. 1970ರಲ್ಲಿ ಬಂದ ಕೃತಿ. ನಮ್ಮ ಸೀಮೆಯ, ಅಂದರೆ ತಿಪಟೂರು, ಚನ್ನರಾಯಪಟ್ಟಣದ ಕಡೆಯ ಮಾತು ಅದರಲ್ಲಿ ಹಾಗೆಯೇ ಇದೆ. ನಾನು ಅದನ್ನು ಒಂದು ಕಾಲದ ಸಾಮಾಜಿಕ ದಾಖಲೆಯೆಂದು ಓದಿದ್ದೆ. ಶಾನುಭೋಗಿಕೆಯ ವ್ಯವಸ್ಥೆ, ಪ್ಲೇಗು, ಬರಗಾಲ, ಜಮೀನು ಕೈಬಿಟ್ಟು ಹೋಗುವ ಬಗೆ. ತರಗತಿಯಲ್ಲಿ ಕಂದಾಯ ಪದ್ಧತಿಯ ಪಾಠಕ್ಕೆ ಅದರಿಂದ ಉದಾಹರಣೆಗಳನ್ನು ಕೊಟ್ಟದ್ದೂ ಉಂಟು. ಈಗ ಓದುವಾಗ ಅವಳು ನನ್ನನ್ನು ನಿಲ್ಲಿಸುತ್ತಿದ್ದ ಜಾಗಗಳೇ ಬೇರೆ. ಗಂಡ ಚೆನ್ನಿಗರಾಯ ಶಾನುಭೋಗನೆಂಬ ಹೆಸರು ಹೊತ್ತು ಉಂಡು ಮಲಗುವವನು. ಲೆಕ್ಕದ ಪುಸ್ತಕ ಬರೆಯುವವಳು ನಂಜಮ್ಮ. “ಸಹಿ ಯಾರದು?” ಎಂದು ಕೇಳಿದಳು. ಅವನದೇ ಎಂದೆ. “ಹೂಂ” ಎಂದಳು, ಅಷ್ಟೇ.

ಮುತ್ತುಗದ ಎಲೆಗಳನ್ನು ತಂದು ಹಚ್ಚಿ ಮಾರುವ ಭಾಗ ಬಂದಾಗ ನಾನು ಒಂದೇ ಉಸಿರಿನಲ್ಲಿ ಓದಿಕೊಂಡು ಹೋದೆ. ಅವಳು ತಡೆದಳು. ಎಲೆಯ ಕಂತೆ ಬಿಚ್ಚಿ, ನೀರು ಚಿಮುಕಿಸಿ, ಕಡ್ಡಿ ಚುಚ್ಚುವಾಗ ಬೆರಳತುದಿ ಹೇಗೆ ಒಡೆಯುತ್ತದೆ, ಮರುದಿನ ಸಾರಿಗೆ ಹುಣಿಸೆಹಣ್ಣು ಕಿವುಚುವಾಗ ಆ ಬಿರುಕುಗಳು ಹೇಗೆ ಉರಿಯುತ್ತವೆ ಎಂದು ಹೇಳಿದಳು. ಮದುವೆಗೆ ಮುಂಚೆ ತವರಿನಲ್ಲಿ ಅವಳೂ ಅವಳ ತಾಯಿಯೂ ಎಲೆ ಹಚ್ಚಿ ಮಾರಿದವರೆಂದು ನನಗೆ ಗೊತ್ತಾದದ್ದು ಆ ಸಂಜೆ. ಅಷ್ಟು ವರ್ಷಗಳ ದಾಂಪತ್ಯದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಕಾದಂಬರಿಯೊಂದು ಬಂದು ಅದನ್ನು ಹೊರಗೆಳೆಯಬೇಕಾಯಿತು.

ಪ್ಲೇಗಿನಲ್ಲಿ ಮಕ್ಕಳು ಸಾಯುವ ಅಧ್ಯಾಯಗಳನ್ನು ಓದುವುದು ನನ್ನಿಂದಾಗಲಿಲ್ಲ. ಮೌನವಾಗಿ ಓದುವಾಗ ಕಣ್ಣು ಓಡಿಸಿ ತಪ್ಪಿಸಿಕೊಳ್ಳಬಹುದು. ಗಟ್ಟಿಯಾಗಿ ಓದುವವನಿಗೆ ಆ ದಾರಿಯಿಲ್ಲ. ಗಂಟಲು ಕಟ್ಟಿತು. ಅವಳು ನೀರು ತಂದುಕೊಟ್ಟು, “ನಿಧಾನಕ್ಕೆ ಓದಿ, ಬಿಡಬೇಡಿ” ಎಂದಳು. ನಂಜಮ್ಮ ಕೊನೆಗೂ ತನ್ನದೊಂದು ಮನೆ ಕಟ್ಟಿಸುವಷ್ಟರಲ್ಲಿ ತಾನೇ ಪ್ಲೇಗಿಗೆ ತುತ್ತಾಗುವುದನ್ನು ಓದಿದ ರಾತ್ರಿ ನಾವಿಬ್ಬರೂ ಊಟ ಮಾಡಲಿಲ್ಲ.

ಅದರ ಬೆನ್ನಿಗೇ ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯನ್ನು (1996) ಓದಿದೆವು. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡ ಸಂತೇಶಿವರದ ಆ ಹುಡುಗನೇ ಮುಂದೆ ಕಾದಂಬರಿಕಾರನಾದದ್ದು. ನಂಜಮ್ಮನ ಮೂಲ ಯಾರೆಂದು ‘ಭಿತ್ತಿ’ ಓದಿದವರಿಗೆ ಹೇಳಬೇಕಾಗಿಲ್ಲ. ಆದರೆ ಎರಡನ್ನೂ ಬೆನ್ನುಬೆನ್ನಿಗೆ ಓದಿದಾಗ ನನಗೊಂದು ವಿಷಯ ಹೊಳೆಯಿತು. ಆತ್ಮಕಥೆಯಲ್ಲಿ ತಾಯಿ ಮಗನ ಕಣ್ಣಿಗೆ ಕಂಡಷ್ಟು ಮಾತ್ರ ಇದ್ದಾಳೆ; ಅದು ನ್ಯಾಯವೇ, ಅವನು ಕಾಣದ್ದನ್ನು ಹೇಗೆ ಬರೆದಾನು? ಕಾದಂಬರಿಯಲ್ಲಿ ಮಗ ಹಿಂದೆ ಸರಿದು, ತಾಯಿಯನ್ನು ಒಂಟಿಯಾಗಿ ಲೆಕ್ಕದ ಪುಸ್ತಕದ ಮುಂದೆ ಕೂರಿಸಿದ್ದಾನೆ. ಅವನು ಹುಟ್ಟುವ ಮೊದಲಿನ ಅವಳ ದಿನಗಳೂ ಅಲ್ಲಿವೆ. ಸತ್ಯ ಹೇಳುತ್ತೇನೆಂದು ಹೊರಟ ಪುಸ್ತಕಕ್ಕಿಂತ ಕಟ್ಟುಕಥೆಯೆಂದು ಒಪ್ಪಿಕೊಂಡ ಪುಸ್ತಕವೇ ಆ ಹೆಣ್ಣಿನ ಹತ್ತಿರಕ್ಕೆ ಹೋಗಿದೆ. ಭೈರಪ್ಪನವರ ಉಳಿದ ಕಾದಂಬರಿಗಳ ಬಗ್ಗೆ, ಅವರ ವಿಚಾರಗಳ ಬಗ್ಗೆ ವಾದಗಳಿವೆ, ನನಗೂ ಕೆಲವು ತಕರಾರುಗಳಿವೆ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಅವಳು ಹೇಳಿದ್ದು ಇಷ್ಟೇ: “ನಂಜಮ್ಮನ ಮಗ ಹೋದರು.”

ಇನ್ನು ‘ಹೆಂಗಸರ ಕಾದಂಬರಿ’. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು (1976) ನಾನು ಓದಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಪ್ರೇಮಾ ಕಾರಂತರ ಚಲನಚಿತ್ರ ನೋಡಿ, ಕಥೆ ಗೊತ್ತಿದೆಯೆಂದು ಸುಮ್ಮನಿದ್ದೆ. ಇದು ಕಾದಂಬರಿಯೋ ಜೀವನಚರಿತ್ರೆಯೋ ಎಂದು ಕೇಳಿದರೆ ಎರಡೂ ಹೌದು ಎನ್ನಬೇಕು. ಲೇಖಕಿಯ ಬಂಧುವರ್ಗದಲ್ಲಿಯೇ ಬಾಳಿದ್ದ, ಬಾಲ್ಯದಲ್ಲೇ ವಿಧವೆಯಾಗಿ ನೂರು ದಾಟಿ ಬದುಕಿದ ಹೆಣ್ಣುಮಗಳೊಬ್ಬಳ ಕಥೆ ಅದು. ಆಕೆ ಹೇಳಿಕೊಂಡದ್ದನ್ನು ಲೇಖಕಿಯ ತಾಯಿ ಕೇಳಿಸಿಕೊಂಡಿದ್ದರು, ತಾಯಿಯಿಂದ ಮಗಳು ಕೇಳಿದರು. ಹೆಚ್ಚು ಶಾಲೆ ಕಾಣದ, ನಲವತ್ತು ದಾಟಿದ ಮೇಲೆ ಲೇಖನಿ ಹಿಡಿದ ತೀರ್ಥಹಳ್ಳಿಯ ಹೆಂಗಸೊಬ್ಬರು, ಯಾವ ಸಮಾಧಿಯೂ ಸ್ಮಾರಕವೂ ಇಲ್ಲದ ಒಬ್ಬ ಮಡಿ ಹೆಂಗಸಿನ ಜೀವನಚರಿತ್ರೆಯನ್ನು ಬರೆದರು. ನಾನು ಮೂವತ್ತು ವರ್ಷ ಪಾಠ ಹೇಳಿದ ಚರಿತ್ರೆಯಲ್ಲಿ ಇಂಥವರ ಹೆಸರು ಒಂದೂ ಇರಲಿಲ್ಲ.

ಆ ಪುಸ್ತಕದಲ್ಲಿ ಕೂಗಾಟವಿಲ್ಲ. ಫಣಿಯಮ್ಮ ಯಾರನ್ನೂ ಬೈಯುವುದಿಲ್ಲ, ಯಾವ ಚಳವಳಿಯನ್ನೂ ಹೂಡುವುದಿಲ್ಲ. ಆದರೆ ಹೆರಿಗೆಯಾಗದೆ ಒದ್ದಾಡುತ್ತಿದ್ದ ಕೆಳಜಾತಿಯ ಹುಡುಗಿಯೊಬ್ಬಳಿಗೆ ಮಡಿಯನ್ನು ಬದಿಗಿಟ್ಟು ತನ್ನ ಕೈಯಿಂದಲೇ ಹೆರಿಗೆ ಮಾಡಿಸುತ್ತಾಳೆ. ಮುಂದೆ ದಾಕ್ಷಾಯಿಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದು ನಿಂತಾಗ ಈ ಬೋಳುತಲೆಯ ಮುದುಕಿಯೇ ಅವಳ ಪರವಾಗಿ ನಿಲ್ಲುತ್ತಾಳೆ. ಕೇಳುತ್ತಿದ್ದವಳು ಕಣ್ಣೊರೆಸಿಕೊಂಡಳು. ಅವಳ ಮನೆಯಲ್ಲಿಯೂ ಒಬ್ಬ ಅಜ್ಜಿ ಹಾಗಿದ್ದರಂತೆ.

ತ್ರಿವೇಣಿಯವರ ‘ಶರಪಂಜರ’, ‘ಬೆಕ್ಕಿನ ಕಣ್ಣು’, ‘ಹಣ್ಣೆಲೆ ಚಿಗುರಿದಾಗ’ ಒಂದರ ಹಿಂದೊಂದು ಓದಿದೆವು. ಮನಶ್ಶಾಸ್ತ್ರ ಓದಿದ್ದ ಆಕೆ 1963ರಲ್ಲಿ, ಇನ್ನೂ ಮೂವತ್ತೈದು ವರ್ಷ ತುಂಬುವ ಹೊತ್ತಿಗೆ, ತೀರಿಕೊಂಡರು. ಸಂಭಾಷಣೆಗಳಲ್ಲಿ ಅಲ್ಲಲ್ಲಿ ಸಕ್ಕರೆ ಹೆಚ್ಚೆಂದು ಈಗಲೂ ನನಗನ್ನಿಸುತ್ತದೆ. ಆದರೆ ಬಾಣಂತನದ ನಂತರ ಬುದ್ಧಿ ಕದಡಿ, ಚಿಕಿತ್ಸೆ ಪಡೆದು ಗುಣವಾಗಿ ಬಂದ ಹೆಣ್ಣನ್ನು ಸುತ್ತಲಿನವರೇ ಮತ್ತೆ ಹುಚ್ಚಿಯಾಗಿಸುವ ಕಥೆಯನ್ನು ಅಷ್ಟು ಹಿಂದೆಯೇ ಬರೆದಿದ್ದನ್ನು ‘ಹೆಂಗಸರ ಕಾದಂಬರಿ’ ಎಂದು ನಗುತ್ತಿದ್ದವನು ನಾನು.

ಅವಳ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವ ಪುಸ್ತಕಗಳೂ ಕನ್ನಡದಲ್ಲಿ ಬಂದಿವೆ. ಪಿ. ಲಂಕೇಶರ ಆತ್ಮಕಥೆ ‘ಹುಳಿಮಾವಿನ ಮರ’. ಅವರು 2000ದಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಇಂದಿರಾ ಲಂಕೇಶರು ‘ಹುಳಿಮಾವು ಮತ್ತು ನಾನು’ ಬರೆದರು. ಶೀರ್ಷಿಕೆಯಲ್ಲಿರುವ ಆ ‘ಮತ್ತು ನಾನು’ ಎಂಬ ಎರಡು ಪದಗಳನ್ನು ಕೇಳಿಯೇ ಅವಳು ಚಪ್ಪಾಳೆ ತಟ್ಟಿದಳು. ಗಂಡನ ಪ್ರತಿಭೆಯನ್ನೂ ಅವನು ಕೊಟ್ಟ ನೋವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು, ಯಾವ ಕಡೆಗೂ ಬೆರಳು ಒತ್ತದೆ ಬರೆಯುವುದು ಸುಲಭವಲ್ಲ. ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯ ಸ್ವಾದ ಬೇರೆ. ಮೈಸೂರಿನಲ್ಲಿ ಓದುವಾಗಿನ ಪರಿಚಯ, 1966ರಲ್ಲಿ ಚಿತ್ರಕೂಟದ ತೋಟದಲ್ಲಿ ನಡೆದ ಸರಳ ವಿವಾಹ, ಕಾಡಿನ ಅಂಚಿನ ಸಂಸಾರ. ನನಗೆ ಇದು ಹೆಚ್ಚು ಹಿಡಿಸಿತು. ಅವಳು ಮಾತ್ರ, “ಈಯಮ್ಮ ಗಂಡನನ್ನು ಎಲ್ಲಿಯೂ ಬಿಟ್ಟುಕೊಡುವುದೇ ಇಲ್ಲ. ಇಂದಿರಮ್ಮನೇ ಸರಿ” ಎಂದು ತೀರ್ಪು ಕೊಟ್ಟಳು. ಇದರಲ್ಲಿ ನಮಗೆ ಇನ್ನೂ ಒಮ್ಮತವಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಹೊಸ ಪುಸ್ತಕ ಯಾವುದೂ ಕೈಯಲ್ಲಿ ಇರಲಿಲ್ಲ. “ನೀವು ಬರೆದದ್ದನ್ನೇ ಓದಿ” ಎಂದಳು. ನಿವೃತ್ತನಾದ ಮೇಲೆ ನಾನು ಬರೆದಿಟ್ಟ ನೆನಪುಗಳು ಸಾಕಷ್ಟಿವೆ. ಓದುಗ ಮಿತ್ರರಲ್ಲಿ ಕೆಲವರು ಬಲ್ಲರು. ನಾನು ಉತ್ಸಾಹದಿಂದ ‘ಬಿ.ಎಡ್. ಮಾಡಿದ ಆ ವರ್ಷ’ ಎಂಬ ಲೇಖನವನ್ನು ಓದಿದೆ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. 1985ರ ಮೈಸೂರು, ಮೂವರು ಹಂಚಿಕೊಂಡ ಬಾಡಿಗೆ ಕೋಣೆ, ರಾತ್ರಿ ಬ್ರೆಡ್ಡು ತಿಂದು ಮಲಗಿದ್ದು, ಪಾಠಾಭ್ಯಾಸದ ದಿನಗಳು, ಪ್ರತಿ ತಿಂಗಳ ಐದನೆಯ ತಾರೀಖು ತಪ್ಪದೆ ಅಪ್ಪ ಕಳುಹಿಸುತ್ತಿದ್ದ ಅರವತ್ತು ರೂಪಾಯಿ ಮನಿಯಾರ್ಡರು. ಬಡ ರೈತನಾದ ಅಪ್ಪ ಆ ಹಣವನ್ನು ಹೇಗೆ ಹೊಂದಿಸುತ್ತಿದ್ದರೋ ಎಂದು ಕಣ್ಣೀರಿನಲ್ಲಿ ಲೇಖನ ಮುಗಿಯುತ್ತದೆ.

“ಚೆನ್ನಾಗಿದೆ” ಎಂದಳು. ನಾನು ಕಾಯುತ್ತಿದ್ದ ಪ್ರಶ್ನೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತೇನೋ. ನಾನೇ ಕೇಳಿದೆ, “ಆ ವರ್ಷ ನೀನು...?”

“ಊರಿನಲ್ಲೇ ಇದ್ದೆನಲ್ಲ. ಮಗು ಎಂಟು ತಿಂಗಳಿನದು.”

ಅಷ್ಟಕ್ಕೆ ನಿಲ್ಲಿಸಲು ನೋಡಿದಳು. ನಾನು ಬಿಡಲಿಲ್ಲ. ಎರಡು ಮೂರು ಸಂಜೆ ಕೇಳಿ ಕೇಳಿ ತಿಳಿದದ್ದು ಇದು. ಅವಳ ತವರಿನಿಂದ ಬಾಣಂತಿಗೆಂದು ಕೊಟ್ಟಿದ್ದ ಕರಾವಿನ ಹಾಲನ್ನು ಊರಿನ ಹೋಟೆಲಿಗೆ ವರ್ತನೆ ಹಾಕುತ್ತಿದ್ದಳು. ಹೋಟೆಲಿನವರು ತಿಂಗಳ ಕೊನೆಗೆ ಕೊಡುತ್ತಿದ್ದ ಹಣದಲ್ಲಿ ಹಿಂಡಿಯ ಸಾಲ ತೀರಿಸಿ, ಅರವತ್ತು ರೂಪಾಯಿಯನ್ನು ಅಪ್ಪನ ಕೈಗೆ ಕೊಡುತ್ತಿದ್ದಳು. ಅಪ್ಪ ಪಟ್ಟಣಕ್ಕೆ ಹೋಗಿ ಫಾರಂ ತುಂಬಿ ಕಳುಹಿಸುತ್ತಿದ್ದರು. ಕಳುಹಿಸಿದವರ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು.

ಸಹಿ ಯಾರದು ಎಂದು ಅವಳು ನಂಜಮ್ಮನ ಬಗ್ಗೆ ಕೇಳಿದ್ದು ನೆನಪಾಯಿತು.

ಯಾಕೆ ಹೇಳಲಿಲ್ಲವೆಂದು ಕೇಳಿದೆ. “ಮಾವನವರು ಇರುವಾಗ ಹೇಳುವ ಹಾಗಿರಲಿಲ್ಲ, ಅವರ ಮರ್ಯಾದೆ. ಅವರು ಹೋದಮೇಲೆ ನೀವು ಆ ಮನಿಯಾರ್ಡರಿನ ಕಥೆಯನ್ನು ಎಲ್ಲರಿಗೂ ಅಷ್ಟು ಪ್ರೀತಿಯಿಂದ ಹೇಳುತ್ತಿದ್ದಿರಿ. ಯಾಕೆ ಕೆಡಿಸಲಿ ಅಂತ.” ಅಪ್ಪನೂ ನನಗೆ ಹೇಳಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಪಟ್ಟಣದವರೆಗೆ ನಡೆದು ಹೋಗಿ ಬರುತ್ತಿದ್ದವರು ಅವರೇ ತಾನೇ.

ಲೇಖನವನ್ನು ತಿದ್ದಿ ಬರೆಯಲು ಕುಳಿತೆ. ಆಗ ಗೊತ್ತಾಯಿತು, ಆ ವರ್ಷದ ಅವಳ ಒಂದು ದಿನವೂ ನನಗೆ ತಿಳಿದಿಲ್ಲ. ಎಷ್ಟು ಗಂಟೆಗೆ ಏಳುತ್ತಿದ್ದಳು, ಹಾಲು ಕರೆಯುವಾಗ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು, ಹೋಟೆಲಿಗೆ ಹಾಲು ಒಯ್ಯುವಾಗ ಊರಿನವರು ಏನೆನ್ನುತ್ತಿದ್ದರು. ಒಂದೊಂದನ್ನೂ ಕೇಳಿ ಬರೆಯಬೇಕಾಯಿತು. ಹಳೆಯ ಲೇಖನ ಒಂದು ಸಂಜೆಯಲ್ಲಿ ಮುಗಿದಿತ್ತು; ಇದಕ್ಕೆ ಎರಡು ತಿಂಗಳು ಹಿಡಿಯಿತು.

ಮೊನ್ನೆ ಅದನ್ನು ಓದಿ ಹೇಳಿದೆ. ಅವಳು ಎಂದಿನಂತೆ ಕಣ್ಣುಮುಚ್ಚಿ ಕುಳಿತು ಕೇಳಿದಳು. ಬೆಳಗಿನ ಜಾವ ಹಸುವಿನ ಹಾಲು ಕರೆಯುವ ಭಾಗ ಬಂದಾಗ ಕೈಯೆತ್ತಿ ತಡೆದಳು.

“ಹಸು ಅಂತ ಬರೆದಿದ್ದೀರಿ. ಎಮ್ಮೆ. ಹೋಟೆಲಿನವರು ಹಸುವಿನ ಹಾಲು ತೆಗೆದುಕೊಳ್ಳುತ್ತಿರಲಿಲ್ಲ. ತಿದ್ದಿ, ಆಮೇಲೆ ಮುಂದಕ್ಕೆ ಓದಿ.”